ಕಲ್ಲಾದ ಕೆಸರಿನಲ್ಲಿ ಸತು ಎಲ್ಲಿಂದ ಬಂತು?

ರಾಜಸ್ಥಾನದ ಜಾವರ್, ರಾಂಪುರಾ ಆಗುಚಾ ಗಣಿಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಸಮುದ್ರದ ತಳದಲ್ಲಿ ಕೆಸರು, ಸುಣ್ಣ ಶೇಖರವಾಗಿ ಉಂಟಾದ ಶಿಲೆಗಳ ನಡುವೆ ಇಷ್ಟೊಂದು ಸೀಸ, ಸತು ಹೇಗೆ ಸೇರಿತು? ಚಿತ್ರದುರ್ಗದ ಬಳಿಯ ಇಂಗಳದಾಳಿನ ತಾಮ್ರ ಜ್ವಾಲಾಮುಖಿ ಶಿಲೆಗಳ ಪಟ್ಟಿಯಲ್ಲಿರುವುದರಿಂದ ಅದರ ಮೂಲವನ್ನು ಒಪ್ಪಿಕೊಳ್ಳಲು ಯಾರಿಗೂ ಕಷ್ಟವಾಗುವುದಿಲ್ಲ. ರಾಜಸ್ಥಾನದ ಈ ಗಣಿಗಳ ವಿಷಯದಲ್ಲಿ ಮಾತ್ರ ಎಲ್ಲರೂ ಒಂದು ವಿಶೇಷ ಮೂಲವನ್ನು ಹುಡುಕತೊಡಗುತ್ತಾರೆ.

ಅಂಥ ಮೂಲದ ಅಗತ್ಯವೇ ಇಲ್ಲ ಎಂಬುದು ನನ್ನ ಉತ್ತರ. ಭೂಮಿಯ ಚಿಪ್ಪಿನ ಸಾಧಾರಣ ಶಿಲೆಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 70 ಭಾಗ ಸತು ಇರುತ್ತದೆ. ಒಂದು ಘನ ಕಿಲೋಮೀಟರ್ ಶಿಲೆಯ ತೂಕ ಸುಮಾರು 270 ಕೋಟಿ ಟನ್ ಎಂದುಕೊಂಡರೆ ಅದರಲ್ಲಿ 1.9 ಲಕ್ಷ ಟನ್ ಸತು ಅಡಗಿರುತ್ತದೆ. ಕೆಲವು ನೂರು ಘನ ಕಿಲೋಮೀಟರ್ ಶಿಲೆಯಿಂದ ಅದರ ಒಂದು ಪಾಲನ್ನು ತೊಳೆದು ತಂದರೂ ದೊಡ್ಡ ನಿಕ್ಷೇಪವೊಂದಕ್ಕೆ ಸಾಕು.

ತೊಳೆಯುವ ಕೆಲಸ ಉಪ್ಪುನೀರಿನದು. ಸಮುದ್ರ ಆವಿಯಾಗಿ ಉಳಿದ ಸಾಂದ್ರ ಲವಣಜಲ ಕೆಲವು ಕಿಲೋಮೀಟರ್ ದಪ್ಪದ ಪದರಗಳೊಳಗೆ ಇಳಿದು, ನೂರರಿಂದ ಇನ್ನೂರೈವತ್ತು ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿ, ಶಿಲೆಗಳಲ್ಲಿ ಸಾಮಾನ್ಯವಾಗಿರುವ ಖನಿಜವಾದ ಫೆಲ್ಡ್‌ಸ್ಪಾರ್‌ನಲ್ಲಿ ಪೊಟ್ಯಾಸಿಯಂನ ಜಾಗ ಹಿಡಿದು ಕುಳಿತ ಸೀಸವನ್ನೂ ಅಭ್ರಕ, ಕಬ್ಬಿಣದ ಆಕ್ಸೈಡ್‌ಗಳಲ್ಲಿರುವ ಸತುವನ್ನೂ ಕ್ಲೋರೈಡ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಇದು ಬರಿಯ ಊಹೆಯಲ್ಲ. 1960ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಸಾಲ್ಟನ್ ಸರೋವರದ ಬಳಿ ಭೂಶಾಖಕ್ಕಾಗಿ ಕೊರೆದ ಬಾವಿಯಿಂದ, ತೂಕದ ಸುಮಾರು ಕಾಲು ಭಾಗ ಲವಣವೇ ಆಗಿದ್ದ ಬಿಸಿನೀರು ಮೇಲೆ ಬಂತು. ಅದು ಹರಿದ ಕೊಳವೆಯ ಒಳಮೈಗೆ ಕಟ್ಟಿದ ಕಪ್ಪು ಕಿಟ್ಟದಲ್ಲಿ ತಾಮ್ರ, ಬೆಳ್ಳಿ ಹೇರಳವಾಗಿದ್ದವು. ಅಲ್ಲಿ ಶಾಖ ಒದಗಿಸಿದ್ದು ಆಳದಲ್ಲಿ ಕರಗಿದ ಶಿಲೆ, ಅಂದರೆ ಶಿಲಾಪಾಕವೇ ಹೌದು. ಆದರೂ ಲೋಹವನ್ನು ಹೊತ್ತು ತರುವ ಶಕ್ತಿ ಇಂಥ ನೀರಿಗಿದೆ ಎಂಬುದು ಅಲ್ಲಿ ಕಣ್ಣಿಗೇ ಕಂಡಿತು.

ಹಾಗಿದ್ದರೆ ಅದಿರು ಎಲ್ಲೆಡೆ ಏಕಿಲ್ಲ? ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಲೋಹವನ್ನು ಚೆನ್ನಾಗಿ ಹೊರುವ ಲವಣಜಲ, ಅದನ್ನು ಸಲ್ಫೈಡ್ ಆಗಿಸುವ ಹೈಡ್ರೋಜನ್ ಸಲ್ಫೈಡನ್ನು ಹೆಚ್ಚು ಪ್ರಮಾಣದಲ್ಲಿ ಜೊತೆಗೆ ಒಯ್ಯಲಾರದು. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸಂಧಿಸಬೇಕು. ಸ್ತರಭಂಗದ (ಶಿಲಾಪದರಗಳು ಮುರಿದು ಜಾರಿದ ಜಾಗದ) ಬಿರುಕಿನ ಮೂಲಕ ಮೇಲೇರುವ ನೀರು, ಆಮ್ಲಜನಕವಿಲ್ಲದ ಕಪ್ಪು ಕೆಸರನ್ನು ತಲುಪಿದಾಗ, ಬ್ಯಾಕ್ಟೀರಿಯಾಗಳು ಸಮುದ್ರದ ಸಲ್ಫೇಟಿನಿಂದ ತಯಾರಿಸಿಟ್ಟ ಹೈಡ್ರೋಜನ್ ಸಲ್ಫೈಡ್ ಸಿಕ್ಕರೆ, ಸತು ಸ್ಫಾಲರೈಟ್ (ಸತುವಿನ ಸಲ್ಫೈಡ್) ಆಗಿಯೂ ಸೀಸ ಗಲೀನಾ (ಸೀಸದ ಸಲ್ಫೈಡ್) ಆಗಿಯೂ ಅಲ್ಲೇ ಘನೀಭವಿಸುತ್ತವೆ. ಬಿರುಕು ಬೇರೆಡೆಗೆ ತಿರುಗಿದರೆ ಅಥವಾ ಕೆಸರಿನಲ್ಲಿ ಜೈವಿಕ ಇಂಗಾಲ ಕಡಿಮೆಯಿದ್ದರೆ ಲೋಹವೆಲ್ಲ ಚದುರಿಹೋಗುತ್ತದೆ. ಕೆಂಪು ಸಮುದ್ರದ ಅಟ್ಲಾಂಟಿಸ್ 2 ತಗ್ಗಿನಲ್ಲಿ, ಸುಮಾರು ಎರಡು ಕಿಲೋಮೀಟರ್ ಆಳದಲ್ಲಿರುವ ಬಿಸಿ ಲವಣಜಲದ ಅಡಿಯಲ್ಲಿ, ಸತು, ತಾಮ್ರ ತುಂಬಿದ ಕೆಸರು ಇಂದಿಗೂ ಇದೆ.

ಎಲ್ಲ ನಿಕ್ಷೇಪಗಳೂ ಹೀಗೆ ಸಮುದ್ರತಳದಲ್ಲೇ ಆದವೆಂದು ಹೇಳಲಾಗದು. ಜಾವರ್‌ನ ಡೋಲೋಮೈಟ್‌ನಲ್ಲಿ (ಸುಣ್ಣಕಲ್ಲನ್ನು ಹೋಲುವ ಶಿಲೆಯಲ್ಲಿ) ಅದಿರು ಬಹುಪಾಲು ಸಿರೆಗಳಾಗಿ, ಎಳೆಗಳಾಗಿ ಹರಡಿರುವುದರಿಂದ, ಶಿಲೆ ಗಟ್ಟಿಯಾದ ಮೇಲೂ ಲೋಹ ಸ್ಥಳಾಂತರಗೊಂಡಿದೆಯೆನ್ನಬೇಕಾಗುತ್ತದೆ. ಆಗುಚಾದಲ್ಲಂತೂ ನಂತರದ ತೀವ್ರ ಶಾಖ ಮತ್ತು ಒತ್ತಡಗಳು ಮೂಲ ಪದರಗಳ ಗುರುತನ್ನೇ ಬಹುಮಟ್ಟಿಗೆ ಅಳಿಸಿವೆ. ಅದಿರನ್ನು ಸುತ್ತುವರಿದ ನೈಸ್ ಎಂಬ ರೂಪಾಂತರಿತ ಶಿಲೆಯಲ್ಲಿರುವ, ಇಂಗಾಲದ ಒಂದು ರೂಪವಾದ ಗ್ರಾಫೈಟ್ ಮಾತ್ರ, ಆ ಶಿಲೆ ಒಂದು ಕಾಲಕ್ಕೆ ಜೈವಿಕ ಇಂಗಾಲ ತುಂಬಿದ ಕೆಸರಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿದೆ.