ಮೂಲಬಿಂದುವನ್ನು ಮುಟ್ಟದ ಗೆರೆ

ಸಂಶೋಧನೆಯ ಎರಡನೆಯ ವರ್ಷದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಕೇಳುವುದಕ್ಕೆ ಸರಳವಾಗಿತ್ತು. ಕೊಳವೆಯೊಳಗೆ ಪ್ರಕ್ಷುಬ್ಧವಾಗಿ ಹರಿಯುವ ನೀರು ಬಿಸಿ ಗೋಡೆಯಿಂದ ಎಷ್ಟು ಶಾಖವನ್ನು ಹೊತ್ತೊಯ್ಯುತ್ತದೆ ಎಂಬುದನ್ನು ಅಳೆಯಬೇಕು. ಮೊದಲು ನಯವಾದ ಬರಿಯ ಕೊಳವೆಯಲ್ಲಿ, ಆಮೇಲೆ ಅದರೊಳಗೆ ತಿರುಚಿದ ಲೋಹದ ಪಟ್ಟಿಯನ್ನು ತೂರಿಸಿ. ಬರಿಯ ಕೊಳವೆಯ ಪ್ರಯೋಗದಿಂದ ಹೊಸ ಜ್ಞಾನವೇನೂ ಹುಟ್ಟುವುದಿಲ್ಲ. ಎಲ್ಲರಿಗೂ ಗೊತ್ತಿರುವ ಉತ್ತರವೇ ನಮ್ಮ ಉಪಕರಣದಿಂದಲೂ ಬರುತ್ತದೆ ಎಂದು ತೋರಿಸಿದರೆ ಸಾಕು. ಆದ್ದರಿಂದ ಅದನ್ನು ಒಂದು ದಿನದಲ್ಲಿ ಮುಗಿಸಿ ಪಟ್ಟಿಯ ಕಡೆಗೆ ಹೋಗುವ ಲೆಕ್ಕಾಚಾರದಲ್ಲಿದ್ದೆ.

ಕೊಳವೆಯ ಒಳವ್ಯಾಸ 16 ಮಿಲಿಮೀಟರ್, ಹೊರವ್ಯಾಸ 19, ಬಿಸಿಯಾಗುವ ಭಾಗದ ಉದ್ದ 2 ಮೀಟರ್. ಹೊರಮೈಗೆ ವಿದ್ಯುತ್ ನಿರೋಧಕ ಹಾಳೆಯನ್ನು ಸುತ್ತಿ, ಅದರ ಮೇಲೆ ನೈಕ್ರೋಮ್ ತಂತಿಯನ್ನು ಸಮ ಅಂತರದಲ್ಲಿ ಸುತ್ತಿ, ಎಲ್ಲದರ ಮೇಲೆ ದಪ್ಪನೆಯ ಶಾಖನಿರೋಧಕ ಹೊದಿಕೆಯನ್ನು ಹಾಕಿದ್ದೆವು. ಗೋಡೆಯ ಉಷ್ಣತೆಗಾಗಿ ಹೊರಮೈಯಲ್ಲಿ ಸಣ್ಣ ತೋಡುಗಳನ್ನು ಕೊರೆದು ಐದು ಕಡೆ ಉಷ್ಣತೆ ಅಳೆಯುವ ತಂತಿಜೋಡಿಗಳಾದ ಥರ್ಮೋಕಪಲ್‌ಗಳನ್ನು ಕೂರಿಸಲಾಗಿತ್ತು. ನೀರು ಒಳಬರುವಲ್ಲಿ ಒಂದು, ಹೊರಹೋಗುವಲ್ಲಿ ಇನ್ನೊಂದು ಥರ್ಮೋಕಪಲ್ ಇದ್ದವು. ಹೊರಹೋಗುವ ನೀರು ಚೆನ್ನಾಗಿ ಬೆರೆತು ಒಂದೇ ಉಷ್ಣತೆಗೆ ಬರಲೆಂದು ಅಲ್ಲೊಂದು ಚಿಕ್ಕ ಮಿಶ್ರಣ ಕೋಣೆಯನ್ನೂ ಇಟ್ಟಿದ್ದೆವು.

ಆ ದಿನ ಬೆಳಿಗ್ಗೆ ನಿಮಿಷಕ್ಕೆ 10 ಲೀಟರ್ ಹರಿವಿನಲ್ಲಿ, 4 ಕಿಲೋವ್ಯಾಟ್ ಶಕ್ತಿಯಲ್ಲಿ ಆರಂಭಿಸಿದೆ. ಮುಕ್ಕಾಲು ಗಂಟೆಯ ನಂತರ ಓದುಗಳು ಸ್ಥಿರವಾದವು. ನೀರು 29.0 ಡಿಗ್ರಿಯಲ್ಲಿ ಬಂದು 34.6 ಡಿಗ್ರಿಯಲ್ಲಿ ಹೊರಡುತ್ತಿತ್ತು. ಅಂದರೆ ನೀರಿಗೆ ಸೇರಿದ್ದು ಸುಮಾರು 3,900 ವ್ಯಾಟ್, ಹೊದಿಕೆಯ ಮೂಲಕ ಸೋರಿದ್ದು ಉಳಿದ ನೂರು ವ್ಯಾಟ್. ಶಾಖದ ಜಮಾಖರ್ಚು ಇಷ್ಟು ಚೊಕ್ಕವಾಗಿ ಹೊಂದಿದ್ದನ್ನು ಕಂಡು ನನಗೆ ಸಮಾಧಾನವಾಗಿತ್ತು. ಕೊಳವೆಯ ನಡುಭಾಗದಲ್ಲಿ ನೀರಿನ ಸರಾಸರಿ ಉಷ್ಣತೆ 31.8, ಗೋಡೆಯ ಹೊರಮೈಯದು 44.3. ಹರಿವು ಎಷ್ಟು ಪ್ರಕ್ಷುಬ್ಧ ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ 17,000ದ ಆಸುಪಾಸಿನಲ್ಲಿತ್ತು. ಪದರಪದರವಾಗಿ ಸಾಗುವ ಸ್ತರೀಯ ಹರಿವು ಕೆಡಲಾರಂಭಿಸುವ 2,300ಕ್ಕಿಂತ ಬಹಳ ಮೇಲೆ. ಇಷ್ಟನ್ನೂ ಸ್ಪ್ರೆಡ್‌ಶೀಟಿಗೆ ತುಂಬಿದಾಗ ಹೊರಬಂದ ನಸೆಲ್ಟ್ ಸಂಖ್ಯೆ, ಅಂದರೆ ಹರಿಯುವ ನೀರು ಗೋಡೆಯ ಶಾಖವನ್ನು ನಿಶ್ಚಲ ನೀರಿಗಿಂತ ಎಷ್ಟು ಪಟ್ಟು ಒಯ್ಯುತ್ತದೆ ಎಂಬುದರ ಅಳತೆ, 81. ಈ ಸಂಖ್ಯೆಯನ್ನು ಅಂದಾಜಿಸುವ ಡಿಟಸ್-ಬೋಲ್ಟರ್ ಸೂತ್ರದ ಪ್ರಕಾರ ಬರಬೇಕಾಗಿದ್ದದ್ದು 108.

ಈ ಸೂತ್ರದ ಬಗ್ಗೆ ಒಂದು ಮಾತು. ರೆನಾಲ್ಡ್ಸ್ ಸಂಖ್ಯೆಯ 0.8ನೆಯ ಘಾತ, ದ್ರವದ ಸ್ನಿಗ್ಧತೆಯನ್ನು ಅದರ ಶಾಖ ಹರಡುವ ಗುಣಕ್ಕೆ ಹೋಲಿಸುವ ಪ್ರಾಂಟಲ್ ಸಂಖ್ಯೆಯ 0.4ನೆಯ ಘಾತ, ಇವೆರಡರ ಗುಣಲಬ್ಧಕ್ಕೆ 0.023ರ ಗುಣಕ ಎಂದು ಬಹುತೇಕ ಪಠ್ಯಪುಸ್ತಕಗಳು ಕೊಡುತ್ತವೆ, 1930ರ ಮೂಲ ಬರಹವನ್ನು ಉಲ್ಲೇಖಿಸುತ್ತವೆ. ಆದರೆ ಆ ಮೂಲ ಬರಹದಲ್ಲಿ 0.023 ಎಂಬ ಸಂಖ್ಯೆಯೇ ಇಲ್ಲ, ಕಾಯಿಸುವಾಗ 0.0243, ತಣಿಸುವಾಗ 0.0265 ಎಂಬ ಬೇರೆ ಬೇರೆ ಗುಣಕಗಳಿವೆ. ನಾವೆಲ್ಲ ಬಾಯಿಪಾಠ ಮಾಡಿರುವ ರೂಪವು 1942ರಲ್ಲಿ ಮ್ಯಾಕ್‌ಆ್ಯಡಮ್ಸ್ ಅವರ ಪುಸ್ತಕದಿಂದ ಬಂದದ್ದು. ಓದದೆ ಉಲ್ಲೇಖಿಸುವ ಈ ಪರಂಪರೆಯಲ್ಲಿ ನಾನೂ ಒಬ್ಬನಾಗಿದ್ದೆ.

ಈ ಸೂತ್ರ ಕೆಲವು ಸಂದರ್ಭಗಳಲ್ಲಿ ಶೇಕಡಾ 25ರಷ್ಟು ತಪ್ಪಬಹುದೆಂದು ಪುಸ್ತಕಗಳೇ ಎಚ್ಚರಿಸುತ್ತವೆ. ನನ್ನ ಕೊರತೆಯೂ ಸರಿಯಾಗಿ ಶೇಕಡಾ 25 ಇತ್ತು. ಅದನ್ನೇ ಒಂದು ವಾಕ್ಯದಲ್ಲಿ ಬರೆದು ಮುಂದೆ ಹೋಗುವ ಆಸೆ ನನಗೆ ಹುಟ್ಟಲಿಲ್ಲವೆಂದರೆ ಸುಳ್ಳಾದೀತು. ಆದರೆ 1976ರ ಗ್ನಿಯೆಲಿನ್ಸ್ಕಿ ಸೂತ್ರ ಇದಕ್ಕಿಂತ ನಿಖರವಾದದ್ದು, ಮತ್ತು ಅದು 115 ಎನ್ನುತ್ತಿತ್ತು. ನನ್ನ ಕೊರತೆ ಕಡಿಮೆಯಾಗುವ ಬದಲು ಇನ್ನೂ ಹಿಗ್ಗಿತು.

ಮಧ್ಯಾಹ್ನವೆಲ್ಲ ಅನುಮಾನಗಳ ಹಿಂದೆ ಓಡಿದೆ. ಹರಿವನ್ನು ಅಳೆಯುವ ರೋಟಾಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ಒಂದು ನಿಮಿಷ ಬಕೆಟ್ಟಿಗೆ ನೀರು ಹಿಡಿದು ತೂಗಿದೆ; 9.9 ಕಿಲೋಗ್ರಾಂ ಬಂತು. ಥರ್ಮೋಕಪಲ್‌ಗಳ ಜೊತೆಗೇ ಕತ್ತರಿಸಿ ಉಳಿಸಿಕೊಂಡಿದ್ದ ತಂತಿಯ ತುಂಡನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ನೋಡಿದೆ. ಅದು ಸೊನ್ನೆಯಿಂದ 0.2 ಡಿಗ್ರಿಯಷ್ಟೂ ದೂರ ಇರಲಿಲ್ಲ. ಬೇರೆ ದಾರಿ ಕಾಣದೆ ನಿಮಿಷಕ್ಕೆ 6 ಲೀಟರಿನಿಂದ 20 ಲೀಟರಿನವರೆಗೆ ಹರಿವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಕಾದು ಕುಳಿತು ಓದುಗಳನ್ನು ಬರೆದುಕೊಂಡೆ.

ಸಂಜೆ ಆ ಬಿಂದುಗಳನ್ನು, ಗೆರೆಯ ಇಳಿಜಾರೇ ಘಾತವನ್ನು ತೋರಿಸುವ ಲಾಗ್-ಲಾಗ್ ನಕ್ಷೆಯಲ್ಲಿ, ಮಾರ್ಗದರ್ಶಕರ ಮುಂದೆ ಇಟ್ಟೆ. "ಗುಣಕ ಕಡಿಮೆ ಬಂದಿದೆ ಸರ್," ಎಂದೆ. ಅವರು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿದರು.

"ಗುಣಕದ ಮಾತು ಆಮೇಲೆ. ಘಾತ ಎಷ್ಟು ಬಂದಿದೆ ನೋಡಿದಿರಾ?"

ನೋಡಿರಲಿಲ್ಲ. ಅಳೆದರೆ 0.8 ಇರಬೇಕಾದ ಇಳಿಜಾರು 0.56 ಇತ್ತು. ಹರಿವನ್ನು ತಪ್ಪಾಗಿ ಅಳೆದಿದ್ದರೆ ಅಥವಾ ಶಾಖ ಎಲ್ಲೋ ಸೋರಿದ್ದರೆ ಗೆರೆ ಬಹುಮಟ್ಟಿಗೆ ಅದೇ ಇಳಿಜಾರಿನಲ್ಲಿ ಕೆಳಗೆ ಸರಿಯುತ್ತಿತ್ತು. ವೇಗ ಹೆಚ್ಚಿದಷ್ಟೂ ಕೊರತೆ ಹೆಚ್ಚಬೇಕಾದರೆ, ನೀರಿನ ವೇಗಕ್ಕೆ ಜಗ್ಗದ ಯಾವುದೋ ಒಂದು ಉಷ್ಣರೋಧ ಶಾಖದ ದಾರಿಯಲ್ಲಿ ಕುಳಿತಿರಬೇಕು. ನೀರಿನ ಕಡೆಯ ರೋಧ ವೇಗದೊಂದಿಗೆ ಇಳಿಯುತ್ತದೆ, ಇದು ಮಾತ್ರ ಹಾಗೇ ಇರುತ್ತದೆ, ಆದ್ದರಿಂದ ಒಟ್ಟು ಮೊತ್ತದಲ್ಲಿ ಅದರ ಪಾಲು ಬೆಳೆಯುತ್ತ ಹೋಗುತ್ತದೆ.

ಇದನ್ನು ಬೇರ್ಪಡಿಸುವ ಹಳೆಯ ಉಪಾಯವೊಂದಿದೆ. ವಿಲ್ಸನ್ ಎಂಬವರು 1915ರಲ್ಲೇ ಕೊಟ್ಟದ್ದು. ಅಡ್ಡ ಅಕ್ಷದಲ್ಲಿ ವೇಗದ 0.8ನೆಯ ಘಾತದ ವಿಲೋಮ, ನೆಟ್ಟ ಅಕ್ಷದಲ್ಲಿ ಒಟ್ಟು ಉಷ್ಣರೋಧ. ಗೆರೆ ನೇರವಾಗಿ ಬಂದರೆ ಅದನ್ನು ಎಡಕ್ಕೆ ಎಳೆಯಬೇಕು. ನೀರಿನ ರೋಧ ಮಾತ್ರ ಇದ್ದರೆ ಗೆರೆ ಮೂಲಬಿಂದುವಿಗೆ ಬರುತ್ತದೆ. ನನ್ನ ಬಿಂದುಗಳು ಅಚ್ಚರಿಯಾಗುವಷ್ಟು ನೇರವಾಗಿ ನಿಂತವು, ಆದರೆ ಗೆರೆ ಮೂಲಬಿಂದುವನ್ನು ಮುಟ್ಟದೆ ಅದರ ಮೇಲೆ 0.00009 ಚದರ ಮೀಟರ್ ಕೆಲ್ವಿನ್ ಪ್ರತಿ ವ್ಯಾಟ್‌ನಲ್ಲಿ ನೆಟ್ಟ ಅಕ್ಷವನ್ನು ಕತ್ತರಿಸಿತು.

"ಒಳಗೆ ಪಾಚಿಯೋ ಸುಣ್ಣದ ಪದರವೋ ಕಟ್ಟಿರಬೇಕು," ಎಂದರು ಅವರು. ಅದು ಸಮಂಜಸವಾದ ಊಹೆಯೇ ಆಗಿತ್ತು. ಸಾಧಾರಣ ನೀರಿನ ಕೊಳವೆಗಳಲ್ಲಿ ಪದರ ಕಟ್ಟಿದಾಗ ಬರುವ ರೋಧವೂ ಹೆಚ್ಚುಕಡಿಮೆ ಇದೇ ಅಳತೆಯದು. ಆ ರಾತ್ರಿಯೇ ಜೊತೆಗಾರರೊಬ್ಬರ ನೆರವಿನಿಂದ ಹೊದಿಕೆಯನ್ನು ಸಡಿಲಿಸಿ, ಎರಡೂ ತುದಿಯ ಜೋಡಣೆಗಳನ್ನು ಬಿಚ್ಚಿ, ಒಂದು ತುದಿಯಲ್ಲಿ ದೀಪ ಹಿಡಿದು ಇನ್ನೊಂದು ತುದಿಯಿಂದ ಇಣುಕಿದೆ. ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಳಿ ಬಟ್ಟೆಯನ್ನು ತೂರಿಸಿ ಎಳೆದರೂ ಕಲೆ ಹತ್ತಲಿಲ್ಲ.

ಆ ಹೊಳಪೇ ನನ್ನನ್ನು ಎಚ್ಚರಿಸಿತು. ಇದಕ್ಕೆ ಮೊದಲು ಉಪಕರಣದಲ್ಲಿದ್ದ ಕೊಳವೆ ಹೀಗೆ ಹೊಳೆಯುತ್ತಿರಲಿಲ್ಲ, ಏಕೆಂದರೆ ಅದು ತಾಮ್ರದ್ದು; ಇದು ಸ್ಟೇನ್‌ಲೆಸ್ ಸ್ಟೀಲ್. ಸ್ಪ್ರೆಡ್‌ಶೀಟ್ ಮಾತ್ರ ಹಳೆಯದು. ತೆರೆದು ನೋಡಿದರೆ ಬಲತುದಿಯ ಒಂದು ಅಂಕಣದಲ್ಲಿ, ಯಾವ ಹೆಸರೂ ಇಲ್ಲದೆ, 401 ಎಂಬ ಸಂಖ್ಯೆ ಕುಳಿತಿತ್ತು. ಅದು ತಾಮ್ರದ ಉಷ್ಣವಾಹಕತೆ. ಸ್ಟೀಲಿನದು ಕೇವಲ 15. ಹೊರಮೈಯ ಉಷ್ಣತೆಯಿಂದ ಒಳಮೈಯದನ್ನು ಪಡೆಯಲು ಗೋಡೆಯೊಳಗಿನ ಇಳಿತವನ್ನು ಕಳೆಯಬೇಕು. ತಾಮ್ರವೆಂದು ನಂಬಿದ ಲೆಕ್ಕ 0.13 ಡಿಗ್ರಿಯನ್ನಷ್ಟೇ ಕಳೆಯುತ್ತಿತ್ತು, ನಿಜವಾದ ಇಳಿತ 3.56 ಡಿಗ್ರಿ. ಒಂದೂವರೆ ಮಿಲಿಮೀಟರ್ ಸ್ಟೀಲ್ ಎಂದರೆ ಎಷ್ಟು ಮಹಾ ಎನಿಸುತ್ತದೆ. ಆದರೆ ಆ ಹರಿವಿನಲ್ಲಿ ಗೋಡೆಗೆ ಅಂಟಿದಂತಿರುವ, ಸುಳಿಗಳು ತಲುಪದ ನೀರಿನ ಪದರದ ದಪ್ಪ ಸುಮಾರು 0.08 ಮಿಲಿಮೀಟರ್, ಈ ಸ್ಟೀಲ್ ಗೋಡೆ 0.06 ಮಿಲಿಮೀಟರ್ ನಿಶ್ಚಲ ನೀರಿನಷ್ಟು ಶಾಖವನ್ನು ತಡೆಯುತ್ತದೆ. ಹೆಚ್ಚುಕಡಿಮೆ ಇನ್ನೊಂದು ಅಂತಹ ಪದರವನ್ನೇ ನಾನು ಲೆಕ್ಕದಲ್ಲಿ ಬಿಟ್ಟಿದ್ದೆ.

401ನ್ನು ಅಳಿಸಿ 15 ಎಂದು ಬರೆದೆ. 81 ಇದ್ದದ್ದು 112 ಆಯಿತು, ಎರಡು ಸೂತ್ರಗಳ ನಡುವೆ ಬಂದು ಕುಳಿತಿತು. ಘಾತವೂ 0.8ರ ಹತ್ತಿರಕ್ಕೆ ಬಂತು. ಅಂಕಣದ ತಲೆಯಲ್ಲಿ ಲೋಹದ ಹೆಸರನ್ನೂ ಏಕಮಾನವನ್ನೂ ಬರೆದು ಉಳಿಸಿದೆ.

ಬಿಚ್ಚಬೇಕಾಗಿಯೇ ಇರದಿದ್ದ ಕೊಳವೆಯನ್ನು ಮತ್ತೆ ಜೋಡಿಸುವುದಕ್ಕೆ ಮರುದಿನ ಪೂರ್ತಿ ಹಿಡಿಯಿತು. ಹೊದಿಕೆಯನ್ನು ಎಳೆಯುವಾಗ ನಾಲ್ಕನೆಯ ಥರ್ಮೋಕಪಲ್‌ನ ತಂತಿ ಬುಡದಲ್ಲೇ ತುಂಡಾಗಿತ್ತು. ನನ್ನ ಪ್ರಬಂಧದ ಬರಿಯ ಕೊಳವೆಯ ನಕ್ಷೆಗಳಲ್ಲಿ, ಮೊದಲ ದಿನದ್ದನ್ನು ಬಿಟ್ಟು ಉಳಿದೆಲ್ಲದರಲ್ಲೂ, ಆ ಜಾಗ ಖಾಲಿ ಇದೆ.