ಖಾಲಿ ಬ್ಯಾರೆಲ್

ಬೆಳಿಗ್ಗೆ ಗೇಟ್ ರಿಪೇರಿಗೆ ಅಂತ ಕೊಪ್ಪಳದ ವೆಲ್ಡಿಂಗ್ ಅಂಗಡಿಗೆ ಹೋಗಿದ್ದೆ. ಅಲ್ಲೊಬ್ಬ ಹುಡುಗ ಹಳೇ ಡೀಸೆಲ್ ಬ್ಯಾರೆಲ್ ಕೊಯ್ಯೋಕೆ ಗ್ಯಾಸ್ ಕಟರ್ ಹಚ್ಚಿದ್ದ. ಕಾಲಲ್ಲಿ ಹವಾಯಿ ಚಪ್ಪಲಿ, ಕಣ್ಣಿಗೆ ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸ್. ಒಳಗಿಂದ ಮೇಸ್ತ್ರಿ ಓಡಿ ಬಂದರು. "ಲೇ, ಮೊದ್ಲು ನೀರು ತುಂಬಲೇ!" ಖಾಲಿ ಅಂದ್ರೆ ಖಾಲಿ ಅಲ್ಲ ಅಲ್ವಾ, ಒಳಗೆ ಡೀಸೆಲ್ ಆವಿ ಇರುತ್ತೆ, ಕಾವು ತಗುಲಿದರೆ ಬಾಂಬೇ.

ಸುಮ್ನೆ ನಿಂತಿದ್ದವನಿಗೆ ಗುಜರಾತಿನ ಅಲಂಗ್ ನೆನಪಾಯಿತು. ಅಲ್ಲಿ 1983ರಿಂದ ಉಬ್ಬರದ ಹೊತ್ತಿಗೆ ಹಳೇ ಹಡಗನ್ನು ದಡಕ್ಕೆ ನುಗ್ಗಿಸಿ ಇಂಥದ್ದೇ ಕಟರ್‌ನಲ್ಲಿ ಗುಜರಿಗೆ ಅಂತ ಕೊಯ್ಯುತ್ತಾರೆ. ಬ್ಯಾರೆಲ್ ಬದಲು ಮನೆಯಷ್ಟು ದೊಡ್ಡ ಟ್ಯಾಂಕು. ಹಳೇ ಹಡಗಿನ ಎಂಜಿನ್ ರೂಮಿನ ಪೈಪಿಗೆ ಕಾವು ತಡೆಯೋಕೆ ಸುತ್ತಿದ ಆಸ್ಬೆಸ್ಟಾಸ್ ಬೇರೆ. ಅದರ ಧೂಳು ಇವತ್ತು ಉಸಿರಲ್ಲಿ ಹೋದರೆ ರೋಗ ಕಾಣೋದು ಇಪ್ಪತ್ತು ಮೂವತ್ತು ವರ್ಷ ಆದಮೇಲೆ, ಅಷ್ಟೊತ್ತಿಗೆ ಆ ಕೂಲಿ ಯಾವ ಊರಲ್ಲಿರುತ್ತಾನೋ, ಯಾರನ್ನು ಹೋಗಿ ಕೇಳುತ್ತಾನೋ. ಇದಕ್ಕೆಲ್ಲ ನಿಯಮ ಮಾಡಿದ ಹಾಂಗ್‌ಕಾಂಗ್ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 2009ರಲ್ಲಿ, ಜಾರಿಗೆ ಬಂದಿದ್ದು 2025ರ ಜೂನ್‌ನಲ್ಲಿ. ಹದಿನಾರು ವರ್ಷ ಸ್ವಾಮಿ!

ಹುಡುಗ ಮುಖ ಊದಿಸಿಕೊಂಡು ಪೈಪ್ ಎಳೆದು ಬ್ಯಾರೆಲ್‌ಗೆ ನೀರು ಬಿಡುತ್ತಿದ್ದ. ನನ್ನ ಗೇಟ್ ನಾಳೆಯಂತೆ.