ಸೀರಿಸ್ ಬಲ್ಬ್ ಪೂರ್ತಿ ಉರಿದಾಗ

ಸೋದರಮಾವನ ಹಳೇ ಸ್ಟೀರಿಯೊ ಆಂಪ್ಲಿಫೈಯರ್ ಹೋದ ಭಾನುವಾರ ನನ್ನ ಮೇಜಿಗೆ ಬಂತು. ತೊಂಬತ್ತರ ದಶಕದಲ್ಲಿ ಊರಲ್ಲೇ ಜೋಡಿಸಿದ ಸೆಟ್. ಗಟ್ಟಿ ಕಬ್ಬಿಣದ ಡಬ್ಬಿ, ಹಿಂದೆ ಶಾಖ ಹೊರಹಾಕುವ ದೊಡ್ಡ ಹೀಟ್ ಸಿಂಕ್, ಒಳಗೆ 18-0-18 ಟ್ರಾನ್ಸ್‌ಫಾರ್ಮರ್, ಅಂದರೆ ನಡುವಿನ ತಂತಿಯಿಂದ ಎರಡೂ ಬದಿಗೆ 18 ವೋಲ್ಟ್ ಎಸಿ ಕೊಡುವಂಥದ್ದು. "ಆನ್ ಮಾಡಿದ್ರೆ ಗುಂಯ್ ಅನ್ನುತ್ತೆ, ಆಮೇಲೆ ಸುಟ್ಟ ವಾಸನೆ" ಅಂದಿದ್ದರು ಮಾವ. ಒಮ್ಮೆ ಹಾಕಿ ನೋಡೋಣ ಅಂತ ಅನ್ನಿಸುತ್ತದೆ, ಅಲ್ವಾ? ಇಂಥ ಸೆಟ್ಟನ್ನು ಗೋಡೆಯ ಸಾಕೆಟ್ಟಿಗೆ ನೇರವಾಗಿ ಹಾಕಲೇಬಾರದು.

ಮುಚ್ಚಳ ಬಿಚ್ಚಿ ಮೊದಲು ಫ್ಯೂಸ್ ನೋಡಿದೆ. ಹಿಂದೆ ರಿಪೇರಿ ಮಾಡಿದವರು ಯಾರೋ ಗಾಜಿನ ಫ್ಯೂಸ್ ಮೇಲೆ ತಾಮ್ರದ ಎಳೆ ಸುತ್ತಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ಫ್ಯೂಸ್ ಹೋಗಿದೆ ಅಂದರೆ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಅದನ್ನು ಹುಡುಕದೆ ತಂತಿ ಸುತ್ತಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಎಳೆ ಕಿತ್ತುಹಾಕಿ, ಡಬ್ಬಿಯ ಮೇಲೆ ಬರೆದಿದ್ದಂತೆ 1 ಆಂಪ್ ಫ್ಯೂಸ್ ಹಾಕಿದೆ.

ಆಮೇಲೆ ಚಾರ್ಜ್ ಹಿಡಿದಿಡುವ ಕೆಪಾಸಿಟರ್. 4700 ಮೈಕ್ರೊಫ್ಯಾರಡ್‌ನವು ಎರಡಿದ್ದವು. ಪ್ಲಗ್ ತೆಗೆದ ಮೇಲೂ ಇವುಗಳಲ್ಲಿ ಚಾರ್ಜ್ ಉಳಿಯಬಹುದು. ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುತ್ತಾರೆ. ಕಿಡಿ ಕಣ್ಣಿಗೆ ಹಾರಬಹುದು, ಕೆಪಾಸಿಟರಿಗೂ ಒಳ್ಳೆಯದಲ್ಲ. ನಾನು 470 ಓಮ್, 5 ವ್ಯಾಟ್ ರೆಸಿಸ್ಟರಿಗೆ ಕ್ಲಿಪ್ ಹಾಕಿ ಹದಿನೈದು ಸೆಕೆಂಡು ಹಿಡಿದು, ಮಲ್ಟಿಮೀಟರಿನಲ್ಲಿ ಸೊನ್ನೆ ವೋಲ್ಟ್ ನೋಡಿದ ಮೇಲೇ ಕೈ ಹಾಕುತ್ತೇನೆ. ಟ್ರಾನ್ಸ್‌ಫಾರ್ಮರಿನ 18 ವೋಲ್ಟ್ ಎಸಿ ಡಿಸಿ ಆದಾಗ ಈ ಕೆಪಾಸಿಟರಿನಲ್ಲಿ ಇರೋದು ಬರೀ 25 ವೋಲ್ಟ್. ಹಳೇ ವಾಲ್ವ್ ರೇಡಿಯೊಗಳಲ್ಲಿ 250 ವೋಲ್ಟ್ ದಾಟಿರಬಹುದು. ಅದು ಪ್ರಾಣಕ್ಕೇ ಅಪಾಯ.

ಈಗ ಸೀರಿಸ್ ಬೋರ್ಡ್. 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್, ಅದರ ಮೂಲಕವೇ ಸೆಟ್ಟಿಗೆ ಕರೆಂಟ್. ಒಳಗೆ ಎಂಥ ಶಾರ್ಟ್ ಇದ್ದರೂ 230 ವೋಲ್ಟಿನಲ್ಲಿ ಕಾಲು ಆಂಪ್‌ಗಿಂತ ಹೆಚ್ಚೇನೂ ಹರಿಯುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಒಂದು ಮಾತು ನೆನಪಿರಲಿ: ಬಲ್ಬ್ ಇದ್ದರೂ ಶಾಕ್ ಹೊಡೆದೇ ಹೊಡೆಯುತ್ತದೆ. ಅದು ಕಾಯುವುದು ಸೆಟ್ಟನ್ನು, ನಮ್ಮನ್ನಲ್ಲ.

ಸ್ವಿಚ್ ಹಾಕಿದೆ. ಬಲ್ಬ್ ಪೂರ್ತಿ ಉರಿಯಿತು, ಇಳಿಯಲಿಲ್ಲ. ಶಾರ್ಟ್ ಇದೆ ಅನ್ನುವುದು ಖಚಿತವಾಯಿತು. ಪ್ಲಗ್ ತೆಗೆದು, ಮತ್ತೆ ಡಿಸ್‌ಚಾರ್ಜ್ ಮಾಡಿ, ಮೀಟರ್ ಹಿಡಿದು ಹುಡುಕಿದೆ. ಬಲ ಚಾನೆಲ್‌ನ ಸ್ಪೀಕರ್ ನಡೆಸುವ ಟ್ರಾನ್ಸಿಸ್ಟರ್ 2ಎನ್3055, ಅದರ ಕಲೆಕ್ಟರ್ ತುದಿಯಿಂದ ಎಮಿಟರ್ ತುದಿವರೆಗೆ ನೇರ ಶಾರ್ಟ್. ಅದರ ಜೋಡಿ ಟ್ರಾನ್ಸಿಸ್ಟರ್ ಎಂಜೆ2955 ಕೂಡ ಹೋಗಿತ್ತು. ಪಕ್ಕದ ಎಮಿಟರ್ ರೆಸಿಸ್ಟರ್ ಕಪ್ಪಾಗಿತ್ತು. ಮಾವ ಹೇಳಿದ ವಾಸನೆ ಇದರದೇ.

ಹೊಸವು ನನ್ನ ಡಬ್ಬಿಯಲ್ಲೇ ಇದ್ದವು. ಬೆಂಗಳೂರಿನ ಎಸ್.ಪಿ. ರೋಡಿನ ಪರಿಚಯದ ಅಂಗಡಿಯಿಂದ ತಂದಿಟ್ಟದ್ದು. ಈ ನಂಬರಿನಲ್ಲಿ ಡೂಪ್ಲಿಕೇಟ್ ಜಾಸ್ತಿ, ಹಾಗಾಗಿ ಎಲ್ಲಿ ಬೇಕಾದರೂ ಕೊಳ್ಳುವುದಿಲ್ಲ. ಈ ಟ್ರಾನ್ಸಿಸ್ಟರಿನ ಮೈಯೇ ಕಲೆಕ್ಟರ್. ಆದ್ದರಿಂದ ಕರೆಂಟ್ ತಡೆಯುವ ಹೊಸ ಮೈಕಾ ಹಾಳೆ ನಡುವೆ, ಅದರ ಎರಡೂ ಬದಿಗೆ ಶಾಖ ದಾಟಿಸುವ ಪೇಸ್ಟ್ ತೆಳ್ಳಗೆ. ಸ್ಕ್ರೂ ಬಿಗಿದ ಮೇಲೆ ಆ ಮೈ ಹೀಟ್ ಸಿಂಕಿಗೆ ತಾಗಿಲ್ಲ ಅಂತ ಮೀಟರಿನಲ್ಲಿ ನೋಡಿಕೊಂಡೆ. ಕಪ್ಪಾಗಿದ್ದ ರೆಸಿಸ್ಟರನ್ನೂ ಬದಲಾಯಿಸಿದೆ.

ಮತ್ತೆ ಸ್ವಿಚ್. ಬಲ್ಬ್ ಒಂದು ಕ್ಷಣ ಮಿಂಚಿ ಮಂಕಾಯಿತು. ಕೆಪಾಸಿಟರ್ ತುಂಬಿಕೊಂಡ ಮಿಂಚು ಅದು. ಎಷ್ಟು ಸೆಟ್ ನೋಡಿದ್ದರೂ ಆ ಮಂಕು ಬೆಳಕು ಕಂಡಾಗ ನನಗೆ ಖುಷಿಯೇ. ಆದರೂ ಸ್ಪೀಕರ್ ಜೋಡಿಸಲಿಲ್ಲ. ಮೊದಲು ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆದೆ. ಬರೀ 30 ಮಿಲಿವೋಲ್ಟ್, ತೊಂದರೆ ಇಲ್ಲ. ಬಲ್ಬ್ ತೆಗೆದು ಸಾಕೆಟ್ಟಿನಿಂದಲೇ ನೇರವಾಗಿ ಕರೆಂಟ್ ಕೊಟ್ಟು ಇನ್ನೊಮ್ಮೆ ಅಳೆದೆ, ಹೆಚ್ಚೇನೂ ಬದಲಾಗಲಿಲ್ಲ. ಅಲ್ಲಿ 25 ವೋಲ್ಟ್ ಬಂದಿದ್ದರೆ 8 ಓಮ್ ಸ್ಪೀಕರಿನಲ್ಲಿ 3 ಆಂಪ್ ಹರಿದು ಕಾಯಿಲ್ ಸುಟ್ಟುಹೋಗುತ್ತಿತ್ತು. ಪರೀಕ್ಷೆಗೆಂದೇ ಇಟ್ಟಿರುವ ಹಳೇ ಸ್ಪೀಕರ್ ಹಾಕಿ ಎರಡು ಗಂಟೆ ಹಾಡಿಸಿದೆ. ಹೀಟ್ ಸಿಂಕ್ ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ವಾಲ್ಯೂಮ್ ತಿರುಗಿಸಿದರೆ ಮಾತ್ರ ಇನ್ನೂ ಕೊರಕೊರ ಅನ್ನುತ್ತಿದೆ. ವಾಲ್ಯೂಮಿನ ಪಾಟ್ (ತಿರುಗಿಸುವ ರೆಸಿಸ್ಟರ್) ಒಳಗಿನ ದೂಳು ಅದು. ಕಾಂಟ್ಯಾಕ್ಟ್ ಕ್ಲೀನರ್ ಮುಗಿದಿದೆ, ತಂದ ಮೇಲೆ ಅದನ್ನೂ ಸರಿ ಮಾಡಿ ಸೆಟ್ ಕಳಿಸುತ್ತೇನೆ ಅಂತ ಮಾವನಿಗೆ ಹೇಳಿದ್ದೇನೆ.